ಸಹಾಯ ಬೇಕು: ಕಲಬುರಗಿ ಜಿಲ್ಲೆಯ 2018-19ರ ಆರ್‌ಟಿಇ ಶಾಲಾ ಪಟ್ಟಿ

ನಮಸ್ಕಾರ. ಶಿಕ್ಷಣ ಹಕ್ಕು ಕಾಯ್ದೆಯಡಿ (ಆರ್‌ಟಿಇ) ಖಾಸಗಿ ಶಾಲೆಗಳಲ್ಲಿ ಬಡ ಮಕ್ಕಳಿಗೆ ಮೀಸಲಾದ ಶೇ. 25ರ ಸೀಟುಗಳ ಬಗ್ಗೆ ಸಂಶೋಧನೆ ಮಾಡುವ, ಪಾಠ ಹೇಳುವ ಯಾರ ಬಳಿಯಾದರೂ ಕಲಬುರಗಿ ಜಿಲ್ಲೆಯ 2018-19ರ ನೆರೆಹೊರೆ ಶಾಲೆಗಳ ಪಟ್ಟಿ ಇದೆಯೇ? ವಾರ್ಡ್, ಗ್ರಾಮವಾರು ಬೇಕು. ಮರುವರ್ಷ ನಿಯಮ ಬದಲಾಗಿ, ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದ ಕಡೆ ಖಾಸಗಿ ಶಾಲೆಗಳು ಪಟ್ಟಿಯಿಂದಲೇ ಹೊರಬಿದ್ದವು. ಹಳೆಯ ಪಟ್ಟಿ ಇಲ್ಲದೆ ಬಡ ಮಕ್ಕಳಿಗೆ ಎಲ್ಲಿ ಎಷ್ಟು ಸೀಟು ತಪ್ಪಿತು ಎಂದು ಹೇಳಲಾಗದು.

ಸ್ಕ್ಯಾನ್ ಪ್ರತಿಯಾದರೂ ಸರಿ, ಪ್ರತಿ ಶಾಲೆಗೂ ಕೊಟ್ಟಿರುವ 11 ಅಂಕಿಯ ಗುರುತು ಸಂಖ್ಯೆ, ಅಂದರೆ ಯುಡೈಸ್ ಕೋಡ್, ಮಾತ್ರ ಇರಲೇಬೇಕು. ಹೆಸರು ನೋಡಿ ಜೋಡಿಸಿದರೆ ಎಡವಟ್ಟಾಗುತ್ತದೆ: ಒಂದೇ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ ಒಂದು ಕಡೆ ‘ಸಹಿಪ್ರಾಶಾಲೆ’, ಇನ್ನೊಂದು ಕಡೆ ಇಂಗ್ಲಿಷ್ ಹೆಸರಿನ ಮೊದಲಕ್ಷರಗಳಲ್ಲಿ ‘ಜಿಎಚ್‌ಪಿಎಸ್’.

ದಾಖಲಾತಿ ಅಂಕಿಅಂಶ 2021-22ರವರೆಗಿನದು ಸಾಕು. 2022-23ರಿಂದ ಶಾಲೆಗಳ ಸರ್ಕಾರಿ ದತ್ತಾಂಶ ವ್ಯವಸ್ಥೆಯಾದ ಯುಡೈಸ್ ಪ್ಲಸ್ ಒಬ್ಬೊಬ್ಬ ಮಗುವಿನ ವಿವರ ಸಂಗ್ರಹಿಸುತ್ತಿದೆ. ಹೊಸ ಅಂಕಿಗಳನ್ನು ಹಳೆಯದರ ಪಕ್ಕ ಇಟ್ಟರೆ ದಾಖಲಾತಿಯ ಇಳಿಕೆ ನಿಜವೋ, ಲೆಕ್ಕದ ಕ್ರಮ ಬದಲಾದದ್ದರಿಂದಲೋ ತಿಳಿಯದು. ಮಕ್ಕಳ ಹೆಸರಿರುವ ಹಾಳೆಗಳನ್ನು ದಯವಿಟ್ಟು ಕಳಿಸಬೇಡಿ.