ಹತ್ತು ವರ್ಷ ಸಿಎ ಪ್ರಾಕ್ಟೀಸ್ ಮಾಡಿದ ಮೇಲೆ ಇನ್‌ಸಾಲ್ವೆನ್ಸಿ ಕೆಲಸಕ್ಕೆ ಇಳಿಯಬಹುದಾ?

ಹುಬ್ಬಳ್ಳಿ ಸಿಎ

ಎಲ್ಲರಿಗೂ ನಮಸ್ಕಾರ. ಹುಬ್ಬಳ್ಳಿಯಲ್ಲಿ ಸ್ವಂತ ಪ್ರಾಕ್ಟೀಸ್ ಇದೆ, ಹತ್ತು ವರ್ಷ ದಾಟಿತು. ಆಡಿಟ್, ಜಿಎಸ್‌ಟಿ, ಬ್ಯಾಂಕಿಗೆ ಸ್ಟಾಕ್ ಸ್ಟೇಟ್‌ಮೆಂಟ್ ಮಾಡಿಕೊಡುವುದು, ಇದರಲ್ಲೇ ವರ್ಷ ಕಳೆಯುತ್ತದೆ. ಈಗ ಇನ್‌ಸಾಲ್ವೆನ್ಸಿ ಪ್ರೊಫೆಷನಲ್, ಅಂದರೆ ಕಂಪನಿಗಳ ದಿವಾಳಿ ಪ್ರಕ್ರಿಯೆ ನಡೆಸುವವರ ಪರೀಕ್ಷೆ ಬರೆಯುವ ಯೋಚನೆ ಬಂದಿದೆ. ಸಿಎ, ಸಿಎಸ್, ಕಾಸ್ಟ್ ಅಕೌಂಟೆಂಟ್, ವಕೀಲರಿಗೆ ಹತ್ತು ವರ್ಷದ ಅನುಭವ ಇದ್ದರೆ ಆಗುತ್ತದೆ. ಸಿಲಬಸ್ ನೋಡಿದೆ, ಕೂತು ಓದಿದರೆ ಪಾಸಾಗಬಹುದು.

ಅನುಮಾನ ಬೇರೆ ಕಡೆ ಇದೆ. ತಿಂಗಳಿಗೆ ಲಕ್ಷಗಟ್ಟಲೆ ಫೀ ಬರುತ್ತದೆ ಅಂತ ಒಬ್ಬ ಗೆಳೆಯ ಹೇಳುತ್ತಾನೆ. ಇನ್ನೊಬ್ಬ ರಿಜಿಸ್ಟ್ರೇಷನ್ ಮಾಡಿಸಿಕೊಂಡೂ ಕೇಸ್ ಸಿಗದೆ ಕೂತಿದ್ದಾನೆ. ಯಾರ ಮಾತು ನಂಬಲಿ? ಜೊತೆಗೆ, ಬ್ಯಾಂಕುಗಳಿಗೆ ನೂರಕ್ಕೆ ಮೂವತ್ತು ಚಿಲ್ಲರೆ ರೂಪಾಯಿ ಮಾತ್ರ ವಾಪಸ್ ಬರುತ್ತದೆ ಅಂತ ಪೇಪರಿನಲ್ಲಿ ಓದುತ್ತೇವೆ. ಇದರಿಂದ ಯಾರಿಗಾದರೂ ಒಳ್ಳೆಯದಾಗುತ್ತಿದೆಯಾ ಅನ್ನುವುದೂ ನನಗೆ ಮುಖ್ಯ.

ಬೆಂಗಳೂರು ಆರ್‌ಪಿ

ಸರ್, ನಾನು ಮೊದಲು ಕಂಪನಿ ಸೆಕ್ರೆಟರಿ ಆಗಿದ್ದವಳು, ಈಗ ರೆಸಲ್ಯೂಷನ್ ಪ್ರೊಫೆಷನಲ್ (ಆರ್‌ಪಿ), ಸಾಲ ತೀರಿಸಲಾಗದ ಕಂಪನಿಯನ್ನು ಪ್ರಕ್ರಿಯೆ ಮುಗಿಯುವವರೆಗೆ ನೋಡಿಕೊಳ್ಳುವವಳು. ನಿಮ್ಮ ಇಬ್ಬರು ಗೆಳೆಯರು ಹೇಳುವುದೂ ನಿಜ.

ಮೊದಲು ಫೀ ವಿಷಯ. 2022ರ ಅಕ್ಟೋಬರ್ 1ರಿಂದ ನಮ್ಮ ನಿಯಂತ್ರಕ ಸಂಸ್ಥೆ ಐಬಿಬಿಐ ಕನಿಷ್ಠ ಫೀ ಗೊತ್ತು ಮಾಡಿದೆ. ಒಪ್ಪಿಕೊಂಡ ಕ್ಲೇಮ್, ಅಂದರೆ ಕಂಪನಿಯಿಂದ ಬರಬೇಕು ಅಂತ ಕೇಳಿದ ಬಾಕಿ, 50 ಕೋಟಿವರೆಗೆ ಇದ್ದರೆ ತಿಂಗಳಿಗೆ 1 ಲಕ್ಷ. 500 ಕೋಟಿವರೆಗೆ 2 ಲಕ್ಷ. 10 ಸಾವಿರ ಕೋಟಿ ದಾಟಿದರೆ 5 ಲಕ್ಷ. ಆದರೆ ಈ ದುಡ್ಡು ಎಲ್ಲಿಂದ ಬರಬೇಕು? ಕಂಪನಿ ಖಾತೆ ಖಾಲಿ ಇರುತ್ತದೆ. ಸಾಲ ಕೊಟ್ಟವರ ಸಮಿತಿ, ಅಂದರೆ ಸಿಓಸಿ, ಕೈಯಿಂದ ಹಾಕಬೇಕು. ಬೀಗ ಬಿದ್ದ ಸಣ್ಣ ಫ್ಯಾಕ್ಟರಿಯಾದರೆ ಸೆಕ್ಯುರಿಟಿಯವರ ಸಂಬಳಕ್ಕೂ ಬ್ಯಾಂಕಿಗೆ ಮೇಲಿಂದ ಮೇಲೆ ಮೇಲ್ ಹಾಕಬೇಕಾಗುತ್ತದೆ. ನಿಮ್ಮ ಫೀ ಕೊನೆಗೆ.

ಎರಡನೆಯದು, ಕೇಸ್ ಹಂಚಿಕೆ. ದೇಶದಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ಜನ ರಿಜಿಸ್ಟರ್ ಆಗಿದ್ದಾರೆ. ಬ್ಯಾಂಕ್ ದಿವಾಳಿ ಕಾನೂನಾದ ಐಬಿಸಿಯ ಸೆಕ್ಷನ್ 7ರಲ್ಲಿ ಅರ್ಜಿ ಹಾಕುವಾಗ ತಾನೇ ಒಬ್ಬರ ಹೆಸರು ಸೂಚಿಸುತ್ತದೆ. ಹಿಂದೆ ಕೇಸ್ ನಡೆಸಿದವರನ್ನೇ ಸೂಚಿಸುತ್ತದೆ. ಹೊಸಬರಿಗೆ ಮೊದಲ ಕೇಸ್ ಸಿಗುವುದೇ ಕಷ್ಟ. ಸಿಕ್ಕರೂ ಯಾರೂ ಮುಟ್ಟದ, ಆಸ್ತಿಯೇ ಇಲ್ಲದ ಕಂಪನಿ ಸಿಗುತ್ತದೆ.

ಇನ್ನು ಕೆಲಸ ಹೇಗಿರುತ್ತದೆ ಅಂತ ಹೇಳುತ್ತೇನೆ, ಏಕೆಂದರೆ ಇದನ್ನು ಪರೀಕ್ಷೆ ಕಲಿಸುವುದಿಲ್ಲ. ಕಂಪನಿ ಕೇಸುಗಳ ಟ್ರಿಬ್ಯೂನಲ್ ಆದ ಎನ್‌ಸಿಎಲ್‌ಟಿ ಅರ್ಜಿ ಅಡ್ಮಿಟ್ ಮಾಡಿದ, ಅಂದರೆ ಒಪ್ಪಿಕೊಂಡ ದಿನದಿಂದ ಡೈರೆಕ್ಟರುಗಳ ಅಧಿಕಾರ ನಿಂತು ನಿಮ್ಮ ಕೈಗೆ ಬರುತ್ತದೆ. ಮೂರು ದಿನದೊಳಗೆ ಪೇಪರಿನಲ್ಲಿ ಪ್ರಕಟಣೆ ಕೊಡಬೇಕು. ಬ್ಯಾಂಕ್ ಖಾತೆಗಳ ಸಹಿ ಬದಲಾಗಬೇಕು. ಟ್ಯಾಲಿ ಡೇಟಾ ಎಲ್ಲಿದೆ, ಸರ್ವರ್ ಪಾಸ್‌ವರ್ಡ್ ಯಾರ ಹತ್ತಿರ ಇದೆ ಅಂತ ಹುಡುಕಬೇಕು. ಸ್ಟಾಕ್ ಎಣಿಸಬೇಕು. ಇನ್ಶೂರೆನ್ಸ್ ಮುಗಿದಿದೆಯಾ ನೋಡಬೇಕು. ಫ್ಯಾಕ್ಟರಿ ನಡೆಯುತ್ತಿದ್ದರೆ ಮರುದಿನ ಬೆಳಿಗ್ಗೆ ಶಿಫ್ಟ್ ನಿಲ್ಲಬಾರದು. ಪ್ರಮೋಟರ್, ಅಂದರೆ ಕಂಪನಿಯ ಹಳೆಯ ಮಾಲೀಕ, ಫೋನ್ ಎತ್ತುವುದಿಲ್ಲ. ಕಾರ್ಮಿಕರು ಗೇಟಿನಲ್ಲಿ ನಿಂತು ಸಂಬಳ ಕೇಳುತ್ತಾರೆ. ಮೊದಲ ತಿಂಗಳಲ್ಲಿ ಇದನ್ನು ಸರಿಯಾಗಿ ಹಿಡಿದರೆ ಕಂಪನಿ ಉಳಿಯುವ ಆಸೆ ಇರುತ್ತದೆ. ಬಿಟ್ಟರೆ ಆಮೇಲೆ ಕಂಪನಿ ಕೊಳ್ಳುವವರಿಂದ ಎಂಥ ಪ್ಲಾನ್ ಬಂದರೂ ಗುಜರಿ ಬೆಲೆಯೇ. ನನಗೆ ಈ ಕೆಲಸ ಇಷ್ಟ ಆಗಿರುವುದೂ ಇದಕ್ಕೇ.

ಪೀಣ್ಯ ಸಪ್ಲೈಯರ್

ಮೇಡಂ, ನಿಮ್ಮ ಕಷ್ಟ ಅರ್ಥವಾಗುತ್ತದೆ. ಆದರೆ ನಮ್ಮ ಕಡೆಯಿಂದಲೂ ನೋಡಿ. ನಾನು ಪೀಣ್ಯದಲ್ಲಿ ಮಷಿನ್ಡ್ ಪಾರ್ಟ್ಸ್ ಮಾಡುತ್ತೇನೆ. ನನ್ನ ದೊಡ್ಡ ಗಿರಾಕಿ ಕಂಪನಿಯೊಂದು ಐಬಿಸಿಗೆ ಹೋಯಿತು. ಹೆಸರು ಬೇಡ. ಬಿಲ್ ಇತ್ತು, ಚಲನ್ ಇತ್ತು, ಕ್ಲೇಮ್ ಒಪ್ಪಿದರು. ಪ್ಲಾನ್ ಪಾಸಾದಾಗ ನಮ್ಮಂಥ ಸಪ್ಲೈಯರುಗಳಿಗೆ ಬಂದದ್ದು ಚಿಲ್ಲರೆ. ನಾನು ಸ್ಟೀಲ್ ತಂದ ಕಡೆ ಪೂರ್ತಿ ದುಡ್ಡು ಕೊಟ್ಟಿದ್ದೆ. ಜಿಎಸ್‌ಟಿ ಕಟ್ಟಿದ್ದೆ. ಆ ಕಂಪನಿ ಹೊಸ ಮಾಲೀಕರ ಕೈಯಲ್ಲಿ ಸಾಲವಿಲ್ಲದೆ ನಡೆಯುತ್ತಿದೆ. ನಾನು ಓವರ್‌ಡ್ರಾಫ್ಟ್ ಬಡ್ಡಿ ಕಟ್ಟುತ್ತಿದ್ದೇನೆ.

ಸಮಿತಿಯಲ್ಲಿ ನಮಗೆ ಓಟೇ ಇಲ್ಲ. ವಿಡಿಯೋಕಾನ್ ನೆನಪಿದೆ ತಾನೆ? 64 ಸಾವಿರ ಕೋಟಿಗೂ ಹೆಚ್ಚು ಕ್ಲೇಮಿಗೆ ಮೂರು ಸಾವಿರ ಕೋಟಿಯ ಹತ್ತಿರ ಕೊಡುವ ಪ್ಲಾನ್ 2021ರಲ್ಲಿ ಮುಂಬೈ ಟ್ರಿಬ್ಯೂನಲ್‌ನಲ್ಲಿ ಪಾಸಾಗಿತ್ತು. ಆಮೇಲೆ ಮೇಲ್ಮನವಿಯಲ್ಲಿ ಬಿತ್ತು, ಅದು ಬೇರೆ ಮಾತು. ಇದನ್ನು ಸುಧಾರಣೆ ಅಂತ ಹೇಗೆ ಕರೆಯುವುದು?

ಮಂಗಳೂರು ಮಾಜಿ ಬ್ಯಾಂಕರ್

ಪೀಣ್ಯದವರೇ, ನಿಮ್ಮ ಸಿಟ್ಟು ಸರಿ. ಆದರೆ ನಾನು ಹಳೆಯ ಕಾಲವನ್ನೂ ನೋಡಿದವನು. ನಷ್ಟದಲ್ಲಿ ಮುಳುಗಿದ ಕಂಪನಿಗಳಿಗೆ 1985ರ ಸಿಕಾ ಕಾಯ್ದೆ ಇತ್ತು, ಅದರಡಿ ಬಿಐಎಫ್‌ಆರ್ ಅನ್ನುವ ಮಂಡಳಿ ಇತ್ತು. ಕಂಪನಿ ಅಲ್ಲಿ ಹೆಸರು ನೋಂದಾಯಿಸಿದರೆ ಸೆಕ್ಷನ್ 22ರ ರಕ್ಷಣೆ ಸಿಗುತ್ತಿತ್ತು. ಯಾರೂ ವಸೂಲಿಗೆ ಕೈ ಹಾಕುವ ಹಾಗಿಲ್ಲ. ಪ್ರಮೋಟರ್ ಅದೇ ಕುರ್ಚಿಯಲ್ಲಿ ವರ್ಷಗಟ್ಟಲೆ ಕೂತಿರುತ್ತಿದ್ದ. ಮಷಿನ್ ತುಕ್ಕು ಹಿಡಿಯುತ್ತಿತ್ತು. 2016ರ ಡಿಸೆಂಬರ್ 1ಕ್ಕೆ ಬಿಐಎಫ್‌ಆರ್ ಮುಚ್ಚಿತು, ಅದೇ ದಿನ ಐಬಿಸಿಯ ಕಂಪನಿ ಭಾಗ ಜಾರಿಗೆ ಬಂತು. ಆ ಹಿಂದಿನ ವ್ಯವಸ್ಥೆಯಲ್ಲಿ ನಿಮಗೂ ಸಿಗುತ್ತಿರಲಿಲ್ಲ, ನಮಗೂ ಸಿಗುತ್ತಿರಲಿಲ್ಲ.

ನೂರಕ್ಕೆ ಮೂವತ್ತರ ಲೆಕ್ಕವನ್ನು ಬಿಡಿಸಿ ನೋಡಬೇಕು. 2025ರ ಮಾರ್ಚ್‌ವರೆಗೆ ಪ್ಲಾನ್ ಪಾಸಾದ ಕೇಸುಗಳಲ್ಲಿ ಸಾಲ ಕೊಟ್ಟವರಿಗೆ ಸಿಕ್ಕಿದ್ದು ಕ್ಲೇಮಿನ ಮೂರನೇ ಒಂದು ಭಾಗದಷ್ಟು. ಆದರೆ ಅದೇ ಆಸ್ತಿಯನ್ನು ಬಿಡಿಬಿಡಿಯಾಗಿ ಮಾರಿದ್ದರೆ ಸಿಗುತ್ತಿದ್ದ ಬೆಲೆಗೆ ಹೋಲಿಸಿದರೆ ಸುಮಾರು ಒಂದೂಮುಕ್ಕಾಲು ಪಟ್ಟು ಸಿಕ್ಕಿದೆ. ಅಂದರೆ ಕಂಪನಿ ಟ್ರಿಬ್ಯೂನಲ್ ಬಾಗಿಲಿಗೆ ಬರುವ ಹೊತ್ತಿಗೇ ಮೌಲ್ಯ ಹೋಗಿರುತ್ತದೆ. ಮೌಲ್ಯ ಇದ್ದ ಕಡೆ ದುಡ್ಡು ಬಂದಿದೆ. ಎಸ್ಸಾರ್ ಸ್ಟೀಲ್‌ಗೆ ಸುಮಾರು 42 ಸಾವಿರ ಕೋಟಿ ಬಂತು. ಭೂಷಣ್ ಸ್ಟೀಲ್ ತೆಗೆದುಕೊಳ್ಳಲು ಟಾಟಾ ಸ್ಟೀಲ್ 35 ಸಾವಿರ ಕೋಟಿ ಕೊಟ್ಟಿತು. ತಡ ಮಾಡಿದ್ದರಲ್ಲಿ ಬ್ಯಾಂಕುಗಳ ಪಾಲು ದೊಡ್ಡದು. ಖಾತೆ ಕೆಟ್ಟಿದೆ ಅಂತ ಗೊತ್ತಿದ್ದೂ ಬಡ್ಡಿಗೆ ಹೊಸ ಸಾಲ ಕೊಟ್ಟು ಮುಂದೂಡುವುದು ಆಗ ಎಲ್ಲ ಕಡೆ ನಡೆಯುತ್ತಿತ್ತು.

ಪೀಣ್ಯ ಸಪ್ಲೈಯರ್

ಸರ್, ತಡ ಮಾಡಿದ್ದು ಬ್ಯಾಂಕು, ಓಟು ಬ್ಯಾಂಕಿಗೆ. ತಡಕ್ಕೆ ಬೆಲೆ ಕಟ್ಟುವವರು ನಾವು. ನನ್ನ ತಕರಾರು ಅಷ್ಟೇ.

ಜೂನಿಯರ್ ವಕೀಲ

ತಡದ ವಿಷಯಕ್ಕೆ ಒಂದು ಮಾತು ಸೇರಿಸುತ್ತೇನೆ. ಕಾನೂನಿನ ಪ್ರಕಾರ ಅರ್ಜಿಯನ್ನು 14 ದಿನದಲ್ಲಿ ಅಡ್ಮಿಟ್ ಮಾಡಬೇಕು ಅಥವಾ ತಿರಸ್ಕರಿಸಬೇಕು. ನಡೆಯುವುದು ತಿಂಗಳುಗಳ ಲೆಕ್ಕದಲ್ಲಿ. ಪ್ರಕ್ರಿಯೆಗೆ ಇರುವ ಗಡುವು ಕೋರ್ಟ್ ಸಮಯವೂ ಸೇರಿ 330 ದಿನ. ಪ್ಲಾನ್ ಪಾಸಾದ ಕೇಸುಗಳ ಸರಾಸರಿ 600 ದಿನದ ಹತ್ತಿರ ಇದೆ. ಎನ್‌ಸಿಎಲ್‌ಟಿಗೆ ದೇಶಕ್ಕೆಲ್ಲ ಸೇರಿ ಅಧ್ಯಕ್ಷರನ್ನೂ ಹಿಡಿದು ಮಂಜೂರಾದ ಹುದ್ದೆ 63. ಅವರು ಐಬಿಸಿ ಜೊತೆಗೆ ಕಂಪನಿ ವಿಲೀನ, ಷೇರುದಾರರ ಜಗಳ ಎಲ್ಲವನ್ನೂ ಕೇಳಬೇಕು. ನಮ್ಮ ಬೆಂಗಳೂರು ಪೀಠದ ಆದೇಶದ ಮೇಲ್ಮನವಿಗೆ ಚೆನ್ನೈಗೆ ಹೋಗಬೇಕು. ಅಲ್ಲಿಂದ ಸುಪ್ರೀಂ ಕೋರ್ಟ್.

ಬೈಜೂಸ್ ಕೇಸನ್ನೇ ನೋಡಿ. ಬಿಸಿಸಿಐಗೆ ಕೊಡಬೇಕಿದ್ದ ಸುಮಾರು 159 ಕೋಟಿಗೆ 2024ರ ಜುಲೈನಲ್ಲಿ ಬೆಂಗಳೂರಿನಲ್ಲಿ ಅಡ್ಮಿಟ್ ಆಯಿತು. ಆಗಸ್ಟ್‌ನಲ್ಲಿ ಚೆನ್ನೈ ಪೀಠ ರಾಜಿ ಒಪ್ಪಿ ಮುಗಿಸಿತು. ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದು ಮಾಡಿ, ಹಿಂತೆಗೆಯುವುದಿದ್ದರೆ ಕ್ರಮಬದ್ಧವಾಗಿ ಹಿಂತೆಗೆಯಿರಿ ಎಂದಿತು. ಇಷ್ಟು ಹೊತ್ತಿನಲ್ಲಿ ಕಂಪನಿಯ ಆಸ್ತಿ ಯಾವುದು? ಕಲಿಸುವವರು, ಆ್ಯಪ್, ಹೆಸರು. ಜನ ಬಿಟ್ಟುಹೋದರೆ ಹರಾಜಿಗೆ ಇಡಲು ಬಾಯ್ಲರ್ ಇಲ್ಲ, ಜಮೀನಿಲ್ಲ. ಬೆಂಗಳೂರಿನ ಮುಂದಿನ ಕೇಸುಗಳು ಹೀಗೇ ಇರುತ್ತವೆ. ಸಾಫ್ಟ್‌ವೇರ್, ಡೇಟಾ, ಬ್ರ್ಯಾಂಡ್‌ಗೆ ಬೆಲೆ ಕಟ್ಟಲು ಬರುವವರು ಬೇಕು.

ಹೊಸಬರಿಗೆ ನನ್ನ ಸಲಹೆ, ಲೈಸೆನ್ಸಿನ ಹಿಂದೆ ಮಾತ್ರ ಬೀಳಬೇಡಿ. ರಿಜಿಸ್ಟರ್ಡ್ ವ್ಯಾಲ್ಯೂಯರ್ ಆಗಬಹುದು. ಅದರಲ್ಲಿ ಜಮೀನು-ಕಟ್ಟಡ, ಯಂತ್ರ, ಷೇರು-ಹಣಕಾಸು ಅಂತ ಮೂರು ವಿಭಾಗ ಇವೆ. ಸಂಶಯಾಸ್ಪದ ವ್ಯವಹಾರ ಹುಡುಕುವ ಟ್ರಾನ್ಸಾಕ್ಷನ್ ಆಡಿಟ್ ಇದೆ. ಬ್ಯಾಂಕುಗಳ ಕೆಟ್ಟ ಸಾಲ ಕೊಳ್ಳುವ ಅಸೆಟ್ ರೀಕನ್‌ಸ್ಟ್ರಕ್ಷನ್ ಕಂಪನಿಗಳಿವೆ. ಸಾಲದ ದಾಖಲೆ ಇಡುವ ನೆಸ್ಲ್ ಇರುವುದೇ ಬೆಂಗಳೂರಿನಲ್ಲಿ. ಅನುಭವವೇ ಇಲ್ಲದ ಪದವೀಧರರಿಗೆ ಮಾನೇಸರದಲ್ಲಿ ಎರಡು ವರ್ಷದ ಗ್ರ್ಯಾಜುಯೇಟ್ ಇನ್‌ಸಾಲ್ವೆನ್ಸಿ ಪ್ರೋಗ್ರಾಂ ಇದೆ.

ಲೀಡ್ಸ್ ಕನ್ನಡತಿ

ನಾನು ಇಂಗ್ಲೆಂಡಿನಲ್ಲಿ ಇದೇ ಕೆಲಸದಲ್ಲಿದ್ದೇನೆ. ಮೂಲತಃ ಶಿವಮೊಗ್ಗದವಳು. ಇಲ್ಲಿ 2023ರಲ್ಲಿ ಇಂಗ್ಲೆಂಡ್ ಮತ್ತು ವೇಲ್ಸ್ ಸೇರಿ 25 ಸಾವಿರಕ್ಕೂ ಹೆಚ್ಚು ಕಂಪನಿಗಳು ದಿವಾಳಿಯಾದವು. 1993ರ ನಂತರ ಇಷ್ಟು ಆಗಿರಲಿಲ್ಲ. ಹೆಚ್ಚಿನವು ಸಣ್ಣವು. ಡೈರೆಕ್ಟರುಗಳೇ ಮುಂದೆ ಬಂದು ಸ್ವಇಚ್ಛೆಯಿಂದ ಮುಚ್ಚುತ್ತಾರೆ. ಅದಕ್ಕೆ ಕಾರಣ ಇದೆ. ಉಳಿಯುವ ದಾರಿ ಇಲ್ಲ ಅಂತ ಗೊತ್ತಿದ್ದೂ ಸಾಲ ಬೆಳೆಸುತ್ತಾ ಹೋದರೆ 1986ರ ಕಾಯ್ದೆಯ ಸೆಕ್ಷನ್ 214ರಲ್ಲಿ ಡೈರೆಕ್ಟರ್ ಸ್ವಂತ ಜೇಬಿನಿಂದ ತುಂಬಿಕೊಡಬೇಕಾಗಬಹುದು. ಹಾಗಾಗಿ ಬೇಗ ಬರುತ್ತಾರೆ. ಕಂಪನಿ ವಹಿಸಿಕೊಳ್ಳುವ ಅಡ್ಮಿನಿಸ್ಟ್ರೇಟರ್ ನೇಮಕಕ್ಕೂ ಹಲವು ಸಲ ಕೋರ್ಟ್ ವಿಚಾರಣೆ ಬೇಕಾಗುವುದಿಲ್ಲ, ನೋಟಿಸ್ ಸಲ್ಲಿಸಿದರೆ ಆಯಿತು.

ಕೆರಿಯರ್ ಕೂಡ ಬೇರೆ ಥರ. ಪದವಿ ಮುಗಿಸಿದ ಕೂಡಲೇ ತಂಡಕ್ಕೆ ಸೇರುತ್ತೇವೆ. ಕ್ಲೇಮ್, ಕ್ಯಾಶ್‌ಬುಕ್, ಪತ್ರ ಬರೆಯುವುದರಿಂದ ಶುರು. ವರ್ಷಗಳು ಕಳೆದ ಮೇಲೆ ಲೈಸೆನ್ಸಿಗೆ ಬೇಕಾದ ಜೆಐಇಬಿ ಪರೀಕ್ಷೆ. ಲೈಸೆನ್ಸ್ ಸಿಗುವ ಹೊತ್ತಿಗೆ ಕೈಯಲ್ಲಿ ಎಷ್ಟೋ ಕೇಸ್ ಆಗಿರುತ್ತವೆ. ಅಲ್ಲಿ ಹತ್ತು ವರ್ಷ ಬೇರೆ ಕೆಲಸ ಮಾಡಿದವರು ಪರೀಕ್ಷೆ ಬರೆದು ನೇರವಾಗಿ ಕಂಪನಿ ನಡೆಸಲು ಕೂರುತ್ತಾರೆ ಅಂದರೆ ನನಗೆ ಆತಂಕವಾಗುತ್ತದೆ.

ಬೆಂಗಳೂರು ಆರ್‌ಪಿ

ಲೀಡ್ಸ್‌ನವರೇ, ಆತಂಕ ಒಪ್ಪುತ್ತೇನೆ. ಪರೀಕ್ಷೆ ಆದ ಮೇಲೆ ಇಲ್ಲಿ ಇರುವುದು 50 ಗಂಟೆಯ ಕೋರ್ಸ್. ಅದು ಸಾಲದು. ಆದರೆ ಪ್ರಮೋಟರುಗಳು ಇಲ್ಲಿ ಬೇಗ ಬರದಿರುವುದಕ್ಕೆ ಕಾರಣ ಇದೆ. ಬಂದ ದಿನವೇ ಕಂಪನಿ ಕೈ ತಪ್ಪುತ್ತದೆ. 29ಎ ಸೆಕ್ಷನ್‌ನಿಂದಾಗಿ ಹೆಚ್ಚಿನವರಿಗೆ ಅದನ್ನು ಮತ್ತೆ ಕೊಳ್ಳಲೂ ಆಗುವುದಿಲ್ಲ. ಜೊತೆಗೆ ಮನೆ ಮೇಲೆ ವೈಯಕ್ತಿಕ ಗ್ಯಾರಂಟಿ ಇರುತ್ತದೆ. 2019ರ ಡಿಸೆಂಬರ್‌ನಿಂದ ಗ್ಯಾರಂಟಿ ಕೊಟ್ಟವರ ಮೇಲೂ ದಿವಾಳಿ ಅರ್ಜಿ ಹಾಕಬಹುದು. ಯಾರು ತಾನೇ ಬೇಗ ಬರುತ್ತಾರೆ?

ಸಣ್ಣ ಕಂಪನಿಗಳಿಗಾಗಿ 2021ರಲ್ಲಿ ಪ್ರೀ-ಪ್ಯಾಕ್, ಅಂದರೆ ಸಾಲ ಕೊಟ್ಟವರ ಒಪ್ಪಿಗೆ ಮೊದಲೇ ಪಡೆದು ಬರುವ ದಾರಿ, ತಂದರು. ಪ್ರಮೋಟರ್ ಕೈಯಲ್ಲೇ ಕಂಪನಿ ಇರುತ್ತದೆ, 120 ದಿನದಲ್ಲಿ ಮುಗಿಯಬೇಕು. ಒಳ್ಳೆಯ ಯೋಚನೆ. ಬಳಸಿದವರು ಬೆರಳೆಣಿಕೆಯಷ್ಟು. ಬ್ಯಾಂಕುಗಳಲ್ಲಿ ಮೊದಲೇ ಒಪ್ಪಿಗೆಗೆ ಸಹಿ ಹಾಕಲು ಅಧಿಕಾರಿಗಳು ಹೆದರುತ್ತಾರೆ.

ಮಂಗಳೂರು ಮಾಜಿ ಬ್ಯಾಂಕರ್

ಹೆದರಿಕೆಗೆ ಕಾರಣವಿದೆ ಮೇಡಂ. ಟ್ರಿಬ್ಯೂನಲ್ ಆದೇಶದ ಹೇರ್‌ಕಟ್, ಅಂದರೆ ಬಿಟ್ಟುಕೊಟ್ಟ ಬಾಕಿಯ ಮೇಲೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಟೇಬಲ್ ಮುಂದೆ ಕೂತು ತಾನೇ ಒಪ್ಪಿದ ಹೇರ್‌ಕಟ್‌ಗೆ ನಿವೃತ್ತಿಯಾದ ಮೇಲೂ ವಿಜಿಲೆನ್ಸ್ ಪತ್ರ ಬರಬಹುದು. ಇದು ಸರಿಯಾಗದೆ ಯಾವ ಹೊಸ ಕಾನೂನೂ ಓಡುವುದಿಲ್ಲ. 2025ರ ಆಗಸ್ಟ್‌ನಲ್ಲಿ ಮಂಡಿಸಿದ ತಿದ್ದುಪಡಿ ಮಸೂದೆಯಲ್ಲಿ ಸಾಲ ಕೊಟ್ಟವರೇ ಕೋರ್ಟ್ ಹೊರಗೆ ಪ್ರಕ್ರಿಯೆ ಶುರು ಮಾಡುವ ದಾರಿ ಇಟ್ಟಿದ್ದಾರೆ. ಅಲ್ಲಿಯೂ ಸಹಿ ಹಾಕಬೇಕಾದವರು ಇದೇ ಅಧಿಕಾರಿಗಳು.

ಪೀಣ್ಯ ಸಪ್ಲೈಯರ್

ಪ್ರೀ-ಪ್ಯಾಕ್ ಬಗ್ಗೆ ಇಷ್ಟು ಮಾತಾಡುತ್ತೀರಿ. ನಮ್ಮ ರಸ್ತೆಯಲ್ಲಿರುವ ಹೆಚ್ಚಿನ ಯೂನಿಟ್‌ಗಳು ಪ್ರೊಪ್ರೈಟರ್‌ಶಿಪ್ ಅಥವಾ ಪಾರ್ಟ್ನರ್‌ಶಿಪ್. ಕಂಪನಿಯೇ ಅಲ್ಲ. ನಮಗೆ ಇದ್ಯಾವುದೂ ಅನ್ವಯಿಸುವುದಿಲ್ಲ, ಅಲ್ವಾ? ನಮ್ಮ ದುಡ್ಡು ಮುಳುಗಿದರೆ ನಮಗಿರುವುದು ಅಡವಿಟ್ಟ ಆಸ್ತಿ ವಶಕ್ಕೆ ತೆಗೆದುಕೊಳ್ಳುವ ಬ್ಯಾಂಕಿನ ಸರ್ಫೇಸಿ ನೋಟಿಸ್ ಮಾತ್ರ.

ಜೂನಿಯರ್ ವಕೀಲ

ನಿಜ ಸರ್. ವ್ಯಕ್ತಿಗಳು ಮತ್ತು ಪಾರ್ಟ್ನರ್‌ಶಿಪ್ ಸಂಸ್ಥೆಗಳ ಭಾಗ ಕಾನೂನಿನಲ್ಲಿ ಬರೆದಿದೆ. ಕಂಪನಿ ಸಾಲಕ್ಕೆ ಗ್ಯಾರಂಟಿ ಕೊಟ್ಟವರ ವಿಷಯದಲ್ಲಿ ಮಾತ್ರ ಅದನ್ನು ಜಾರಿಗೆ ತಂದರು. 2016ರ ಕಾನೂನಿನ ದೊಡ್ಡ ಅರೆಕೆಲಸ ಇದು. ನನ್ನ ಮಟ್ಟಿಗೆ ಹೇರ್‌ಕಟ್‌ಗಿಂತ ಇದೇ ಹೆಚ್ಚಿನ ಅನ್ಯಾಯ.

ಹುಬ್ಬಳ್ಳಿ ಸಿಎ

ಎಲ್ಲರಿಗೂ ಧನ್ಯವಾದ. ಪರೀಕ್ಷೆ ಬರೆಯುತ್ತೇನೆ. ಆದರೆ ಪ್ರಾಕ್ಟೀಸ್ ಬಿಡುವುದಿಲ್ಲ. ಮೊದಲು ಯಾರಾದರೂ ಆರ್‌ಪಿ ತಂಡದಲ್ಲಿ ಕ್ಲೇಮ್ ಪರಿಶೀಲನೆ, ಟ್ರಾನ್ಸಾಕ್ಷನ್ ಆಡಿಟ್ ಕೆಲಸ ಕೇಳಿಕೊಳ್ಳುತ್ತೇನೆ. ಮೇಡಂ, ಒಂದು ಪ್ರಶ್ನೆ. ಧಾರವಾಡ, ಬೆಳಗಾವಿ ಕಡೆಯ ಕಂಪನಿಗಳ ಕೇಸಿಗೆ ಬೆಂಗಳೂರಿನ ಆರ್‌ಪಿಗಳು ಸ್ಥಳೀಯರನ್ನು ತೆಗೆದುಕೊಳ್ಳುತ್ತಾರಾ?

ಬೆಂಗಳೂರು ಆರ್‌ಪಿ

ಖಂಡಿತ ಸರ್. ಬೆಳಗಾವಿ ಫೌಂಡ್ರಿಯೊಂದರ ಸ್ಟಾಕ್ ಎಣಿಸಲು ಬೆಂಗಳೂರಿನಿಂದ ಹುಡುಗರನ್ನು ಕಳಿಸುವುದಕ್ಕಿಂತ ಅಲ್ಲಿನ ಲೆಕ್ಕ ಗೊತ್ತಿರುವ ಸಿಎ ಸಿಕ್ಕರೆ ನಮಗೇ ಲಾಭ. ಬ್ಯಾಂಕಿಗೆ ಕೊಟ್ಟ ಸ್ಟಾಕ್ ಸ್ಟೇಟ್‌ಮೆಂಟಿಗೂ ಗೋಡೌನಿನಲ್ಲಿ ಇರುವುದಕ್ಕೂ ಎಲ್ಲಿ ವ್ಯತ್ಯಾಸ ಬರುತ್ತದೆ ಅಂತ ನಿಮಗೆ ಕೂಡಲೇ ಕಾಣುತ್ತದೆ. ನನಗೆ ಮೆಸೇಜ್ ಮಾಡಿ.

ಪೀಣ್ಯ ಸಪ್ಲೈಯರ್

ಹಾಗಾದರೆ ನನ್ನದೂ ಒಂದು ಪ್ರಶ್ನೆ. ಇನ್ನೊಂದು ಗಿರಾಕಿ ಕಂಪನಿ ಕೂಡ ಈಗ ಅಡ್ಮಿಟ್ ಆಗಿದೆ. ಪೇಪರ್ ಪ್ರಕಟಣೆ ನನ್ನ ಕಣ್ಣಿಗೆ ಬಿದ್ದದ್ದು ತಡವಾಗಿ. ಕ್ಲೇಮ್ ಕೊಡುವ ದಿನ ಮುಗಿದಿದೆ. ಇನ್ನು ಆಗುವುದಿಲ್ಲವಾ?

ಬೆಂಗಳೂರು ಆರ್‌ಪಿ

ಆಗುತ್ತದೆ, ಬಿಡಬೇಡಿ. ಪ್ರಕ್ರಿಯೆ ಶುರುವಾದ 90 ದಿನದವರೆಗೆ, ಇಲ್ಲವೇ ಪ್ಲಾನ್ ಕೇಳಿ ಆರ್‌ಪಿ ದಾಖಲೆ ಹೊರಡಿಸುವ ದಿನದವರೆಗೆ, ಯಾವುದು ತಡವೋ ಅಲ್ಲಿಯವರೆಗೆ ಕೊಡಬಹುದು. ತಡವಾದ ಕಾರಣ ಬರೆಯಿರಿ. ಸಪ್ಲೈಯರುಗಳ ಕ್ಲೇಮಿಗಿರುವ ಫಾರಂ ಬಿ ತುಂಬಿ. ಇನ್‌ವಾಯ್ಸ್, ಡೆಲಿವರಿ ಚಲನ್, ಇ-ವೇ ಬಿಲ್, ಲೆಡ್ಜರ್, ಅವರು ಬಾಕಿ ಒಪ್ಪಿದ ಮೇಲ್ ಇದ್ದರೆ ಅದು, ಎಲ್ಲವನ್ನೂ ಸೇರಿಸಿ. ಬಡ್ಡಿ ಕೇಳುವುದಿದ್ದರೆ ಪರ್ಚೇಸ್ ಆರ್ಡರಿನಲ್ಲಿ ಬಡ್ಡಿಯ ಷರತ್ತು ಇದೆಯಾ ನೋಡಿ. ಪ್ರಕಟಣೆಯಲ್ಲಿ ಇರುವ ಆರ್‌ಪಿ ಇ-ಮೇಲ್‌ಗೆ ಇವತ್ತೇ ಕಳಿಸಿ.

ಹುಬ್ಬಳ್ಳಿ ಸಿಎ

ಪೀಣ್ಯದವರೇ, ಲೆಡ್ಜರ್ ಮತ್ತು ಬಿಲ್ಲುಗಳನ್ನು ನನಗೆ ಕಳಿಸಿ. ಫಾರಂ ಬಿ ಲೆಕ್ಕ ನಾನು ಕೂರಿಸಿಕೊಡುತ್ತೇನೆ, ಫೀ ಬೇಡ. ರಾತ್ರಿಯೊಳಗೆ ಮುಗಿಸಿದರೆ ನಾಳೆ ಬೆಳಿಗ್ಗೆ ಸಹಿ ಹಾಕಿ ಮೇಲ್ ಮಾಡಬಹುದು.