ಶುಕ್ರವಾರ ಗೆಲ್ಲುವ ತಂಡ ಮಂಗಳವಾರ ಸೋಲುವುದೇಕೆ? ಕಾಲೇಜು ಬೇಸ್‌ಬಾಲ್ ಋತುವಿನ ಬಗ್ಗೆ ಒಂದು ಪ್ರಶ್ನೆ

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಅಮೆರಿಕದ ಒಂದು ವಿಶ್ವವಿದ್ಯಾಲಯದ ಊರಿನಲ್ಲಿರುವ ನಾನು ಫೆಬ್ರವರಿ ಮಧ್ಯದಲ್ಲಿ ನಡೆದ ಮೊದಲ ಪಂದ್ಯದಿಂದಲೂ ಇಲ್ಲಿನ ಕಾಲೇಜು ಬೇಸ್‌ಬಾಲ್ ತಂಡದ ಆಟವನ್ನು ಸ್ಕೋರ್ ಪುಸ್ತಕ ಹಿಡಿದು ನೋಡುತ್ತಿದ್ದೇನೆ. ಕಳೆದ ವಾರಾಂತ್ಯದಲ್ಲಿ ನಮ್ಮ ಕಾನ್ಫರೆನ್ಸಿನ (ತಮ್ಮತಮ್ಮಲ್ಲೇ ನಿಯಮಿತವಾಗಿ ಆಡುವ ಕಾಲೇಜುಗಳ ಗುಂಪಿನ) ಬಲಿಷ್ಠ ತಂಡವೊಂದರ ವಿರುದ್ಧ ಮೂರರಲ್ಲಿ ಎರಡು ಪಂದ್ಯ ಗೆದ್ದ ನಮ್ಮವರು, ಮಂಗಳವಾರ ಸಂಜೆ ತಮ್ಮದೇ ಮೈದಾನದಲ್ಲಿ ಸಣ್ಣ ಕಾಲೇಜೊಂದಕ್ಕೆ 12–3ರಿಂದ ಸೋತರು. ನಮ್ಮ ಕಡೆ ಎಸೆಯಲು ಬಂದವನು ಮೊದಲ ವರ್ಷದ ಹುಡುಗ. ಎರಡನೇ ಇನ್ನಿಂಗ್ಸ್‌ನಲ್ಲಿ ಅವನು ಐದು ರನ್ ಕೊಟ್ಟಾಗ, ಶುಕ್ರವಾರದ ಪಂದ್ಯ ಗೆಲ್ಲಿಸಿದ ಪಿಚರ್ (ಚೆಂಡು ಎಸೆಯುವ ಆಟಗಾರ) ಡಗ್‌ಔಟ್‌ನಲ್ಲಿ ಕುಳಿತು ಪ್ರತಿ ಎಸೆತವನ್ನೂ ಹಾಳೆಯಲ್ಲಿ ಗುರುತು ಹಾಕಿಕೊಳ್ಳುತ್ತಿದ್ದನೇ ಹೊರತು ಮೇಲೇಳಲಿಲ್ಲ. ಕೈಯಲ್ಲಿದ್ದ ಪಂದ್ಯವನ್ನು ಕೋಚ್ ಹೀಗೆ ಬಿಟ್ಟುಕೊಡುವುದು ಸರಿಯೇ? ಇಂಥ ಸೋಲುಗಳಿಂದ ಇಡೀ ಋತುವೇ ಕೆಡುವುದಿಲ್ಲವೇ? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ 1

ನಿಮ್ಮ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಕೋಚ್ ಮಾಡಿದ್ದರಲ್ಲಿ ತಪ್ಪಿಲ್ಲ ಎಂಬುದು ನನ್ನ ಖಚಿತ ಅಭಿಪ್ರಾಯ. ಅಮೆರಿಕದ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ಮೊದಲ ದರ್ಜೆಯ ತಂಡವೊಂದು ಋತುವಿನಲ್ಲಿ ಹೆಚ್ಚೆಂದರೆ 56 ಪಂದ್ಯಗಳನ್ನು ಆಡಬಹುದು, ಅವುಗಳಲ್ಲಿ ಕಾನ್ಫರೆನ್ಸಿನ ಪಂದ್ಯಗಳೆಲ್ಲ ಸಾಮಾನ್ಯವಾಗಿ ಶುಕ್ರವಾರ, ಶನಿವಾರ, ಭಾನುವಾರ ಎಂದು ಮೂರು ಮೂರಾಗಿ ಬರುತ್ತವೆ. ತಂಡದ ಅತ್ಯುತ್ತಮ ಪಿಚರ್‌ಗೆ ಶುಕ್ರವಾರ, ಎರಡನೆಯವನಿಗೆ ಶನಿವಾರ, ಮೂರನೆಯವನಿಗೆ ಭಾನುವಾರ ಎಂಬ ಕ್ರಮ ಎಷ್ಟು ಬೇರೂರಿದೆಯೆಂದರೆ, ‘ನಮ್ಮ ಶುಕ್ರವಾರದವನು’ ಎಂದರೆ ಸಾಕು, ಯಾರ ಮಾತೆಂದು ಇಲ್ಲಿನ ಪ್ರೇಕ್ಷಕರಿಗೆ ತಿಳಿಯುತ್ತದೆ. ವೃತ್ತಿಪರ ಲೀಗಿನಲ್ಲಿ ಪಿಚರ್‌ಗಳು ಐದಾರು ದಿನಕ್ಕೊಮ್ಮೆ ಎಸೆದರೆ ಕಾಲೇಜಿನಲ್ಲಿ ವಾರಕ್ಕೊಮ್ಮೆ ಎಸೆಯುತ್ತಾರೆ. ಹಾಗಾಗಿ ಶುಕ್ರವಾರದವನು ನೂರರ ಆಸುಪಾಸು ಎಸೆತಗಳನ್ನು ಹಾಕಿ ಒಂದು ಪಂದ್ಯದ ಬಹುಭಾಗವನ್ನು ಒಬ್ಬನೇ ಹೊರುವುದು ಸಾಧ್ಯವಾಗುತ್ತದೆ. ಮಂಗಳವಾರ ಅವನು ಹೆಚ್ಚೆಂದರೆ ಅಭ್ಯಾಸಕ್ಕೆಂದು ಹಗುರವಾಗಿ ಇಪ್ಪತ್ತು ಮೂವತ್ತು ಎಸೆತ ಹಾಕಿಯಾನು. ಅಂದು ಅವನನ್ನು ಪಂದ್ಯಕ್ಕಿಳಿಸಿದರೆ ಮುಂದಿನ ಶುಕ್ರವಾರ ಅವನು ಸಿಗುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೊಣಕೈಯ ಒಳಬದಿಯ, ಎಲುಬುಗಳನ್ನು ಜೋಡಿಸುವ ಅಸ್ಥಿರಜ್ಜು ಹರಿದರೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ಒಂದು ವರ್ಷಕ್ಕೂ ಮೀರಿ ಹೊರಗೆ ಕೂರಬೇಕಾಗುತ್ತದೆ. ಮೂರನೇ ವರ್ಷ ಮುಗಿದೊಡನೆ ವೃತ್ತಿಪರ ತಂಡಗಳ ಆಯ್ಕೆಗೆ ಅರ್ಹನಾಗುವ ಇಪ್ಪತ್ತೊಂದರ ಹುಡುಗನ ಬದುಕಿನಲ್ಲಿ ಆ ಒಂದು ವರ್ಷದ ಬೆಲೆ ಏನೆಂದು ಯೋಚಿಸಿ. ಒಂದು ಮಂಗಳವಾರದ ಗೆಲುವಿಗಾಗಿ ಅವನ ಕೈಯನ್ನು ಪಣಕ್ಕಿಡುವ ಕೋಚ್‌ನನ್ನು ನಾನಂತೂ ಒಪ್ಪಲಾರೆ.

ಉತ್ತರ 2

ಮೇಲಿನವರ ಮಾತನ್ನು ಒಪ್ಪುತ್ತೇನೆ, ಆದರೆ ಮಂಗಳವಾರದ ಸೋಲಿಗೆ ಲೆಕ್ಕವೇ ಇಲ್ಲ ಎಂದು ಯಾರೂ ಭಾವಿಸಬಾರದು. ಋತುವಿನ ಕೊನೆಯಲ್ಲಿ 64 ತಂಡಗಳಿಗೆ ಮಾತ್ರ ರಾಷ್ಟ್ರೀಯ ಟೂರ್ನಿಯಲ್ಲಿ ಅವಕಾಶವಿದ್ದು, ಕಾನ್ಫರೆನ್ಸ್ ಚಾಂಪಿಯನ್‌ಗಳನ್ನು ಬಿಟ್ಟು ಉಳಿದವರನ್ನು ಸಮಿತಿಯೊಂದು ಆರಿಸುತ್ತದೆ. ಆ ಸಮಿತಿ ಬಹುಕಾಲದಿಂದ ನೋಡುತ್ತ ಬಂದಿರುವ ಆರ್‌ಪಿಐ ಎಂಬ ಅಳತೆಯಲ್ಲಿ ತಂಡದ ಸ್ವಂತ ಗೆಲುವಿನ ಪ್ರಮಾಣಕ್ಕೆ ಶೇ 25, ಎದುರಾಳಿಗಳ ಗೆಲುವಿಗೆ ಶೇ 50, ಎದುರಾಳಿಗಳ ಎದುರಾಳಿಗಳಿಗೆ ಶೇ 25ರಷ್ಟು ತೂಕ. ಇದರ ಜೊತೆಗೆ, 2013ರಿಂದ ತವರಿನ ಸೋಲನ್ನು 1.3 ಎಂದೂ ಹೊರಗಿನ ಸೋಲನ್ನು 0.7 ಎಂದೂ ಎಣಿಸುತ್ತ ಬಂದಿದ್ದಾರೆ. ಹಾಗಾಗಿ ನೀವು ಕಂಡದ್ದು ದುಬಾರಿ ಸೋಲೇ ಸರಿ. ಆದರೂ ಧೈರ್ಯಗೆಡಬೇಡಿ: 2008ರಲ್ಲಿ ಫ್ರೆಸ್ನೊ ಸ್ಟೇಟ್ ತಂಡವು ತನ್ನ ರೀಜನಲ್‌ನಲ್ಲಿ (ಟೂರ್ನಿಯ ಮೊದಲ ಸುತ್ತಿನ ಗುಂಪಿನಲ್ಲಿ) ನಾಲ್ಕನೆಯ, ಅಂದರೆ ಕೊನೆಯ ಶ್ರೇಯಾಂಕದಿಂದ ಹೊರಟು, ಋತುವಿನಲ್ಲಿ ಒಟ್ಟು 31 ಪಂದ್ಯಗಳನ್ನು ಸೋತೂ ರಾಷ್ಟ್ರೀಯ ಚಾಂಪಿಯನ್ ಆಯಿತು.

ಉತ್ತರ 3

ಇಬ್ಬರೂ ಹೇಳದ ಒಂದು ಸಂಗತಿಯನ್ನು ಸೇರಿಸುತ್ತೇನೆ, ಏಕೆಂದರೆ ಮಂಗಳವಾರದ ಆಟದ ನಿಜವಾದ ಮಹತ್ವ ಅದರಲ್ಲೇ ಇದೆ. ರೀಜನಲ್‌ನಲ್ಲಿ ನಾಲ್ಕು ತಂಡಗಳಿದ್ದು, ಎರಡು ಬಾರಿ ಸೋತವರು ಹೊರಬೀಳುತ್ತಾರೆ. ಮೊದಲ ಪಂದ್ಯವನ್ನೇ ಸೋತ ತಂಡ ಮುಂದೆ ಹೋಗಬೇಕಾದರೆ ಸತತ ನಾಲ್ಕು ಗೆಲ್ಲಬೇಕು. ಶುಕ್ರವಾರದಿಂದ ಸೋಮವಾರದೊಳಗೆ ಒಟ್ಟು ಐದು ಪಂದ್ಯ. ಮೂವರು ಪಿಚರ್‌ಗಳಿಂದ ಅದು ಆಗದ ಕೆಲಸ. ಆಗ ಕೋಚ್ ತಿರುಗಿ ನೋಡುವುದು ಮಂಗಳವಾರಗಳಲ್ಲಿ ಹೊಡೆಸಿಕೊಂಡು, ಬೆವರು ಒರೆಸಿಕೊಂಡು, ಮತ್ತೆ ಪಿಚರ್ ನಿಲ್ಲುವ ದಿಬ್ಬ ಹತ್ತಿ ನಿಂತು ಕಲಿತ ಹುಡುಗರನ್ನೇ. 2018ರಲ್ಲಿ ರಾಷ್ಟ್ರೀಯ ಟೂರ್ನಿಯ ಕೊನೆಯ ಹಂತವಾದ ಓಮಾಹಾದ ಕಾಲೇಜ್ ವರ್ಲ್ಡ್ ಸೀರೀಸ್‌ನಲ್ಲಿ ಆರೆಗಾನ್ ಸ್ಟೇಟ್ ಮೊದಲ ಪಂದ್ಯ ಸೋತಿತ್ತು, ಮೂರು ಪಂದ್ಯಗಳ ಫೈನಲ್‌ನ ಮೊದಲ ಪಂದ್ಯವನ್ನೂ ಸೋತಿತ್ತು. ಎರಡನೆಯದರಲ್ಲಿ ಎದುರಾಳಿ ಆರ್ಕನ್ಸಾ 3–2ರಿಂದ ಮುಂದಿದ್ದು ಪ್ರಶಸ್ತಿಗೆ ಒಂದೇ ಔಟ್ ಬಾಕಿಯಿದ್ದಾಗ, ಮೇಲಕ್ಕೆದ್ದ ಫೌಲ್ ಚೆಂಡು (ಹಿಡಿದಿದ್ದರೆ ಅದೇ ಕೊನೆಯ ಔಟ್) ಮೂವರು ಫೀಲ್ಡರ್‌ಗಳ ನಡುವೆ ನೆಲಕ್ಕೆ ಬಿದ್ದದ್ದು ಎಲ್ಲರಿಗೂ ನೆನಪಿದೆ. ಆರೆಗಾನ್ ಸ್ಟೇಟ್ 5–3ರಿಂದ ಗೆದ್ದುಬಿಟ್ಟಿತು. ಆದರೆ ನನಗೆ ಹೆಚ್ಚು ನೆನಪಿರುವುದು ಮರುದಿನದ ಆಟ: ಮೊದಲ ವರ್ಷದ ಕೆವಿನ್ ಏಬಲ್ ಒಂಬತ್ತೂ ಇನ್ನಿಂಗ್ಸ್ ಎಸೆದು, ಎರಡೇ ಹಿಟ್ ಕೊಟ್ಟು, 5–0ರಿಂದ ಪ್ರಶಸ್ತಿ ತಂದುಕೊಟ್ಟ. ಆ ಟೂರ್ನಿಯಲ್ಲಿ ತಂಡ ಗೆದ್ದ ಆರು ಪಂದ್ಯಗಳಲ್ಲಿ ನಾಲ್ಕು ಅವನ ಹೆಸರಿಗೆ ಸೇರಿದವು. ಎಲ್ಲ ತಂಡಕ್ಕೂ ಏಬಲ್ ಸಿಗುವುದಿಲ್ಲ, ಆದರೆ ಮಾರ್ಚ್ ತಿಂಗಳಲ್ಲಿ ಹೊಸ ಕೈಗಳಿಗೆ ಚೆಂಡು ಕೊಡದ ತಂಡ ಜೂನ್‌ನಲ್ಲಿ ಯಾರನ್ನು ನಂಬಿ ಕಣಕ್ಕಿಳಿಯಬೇಕು?

ಪ್ರಶ್ನೆ ಕೇಳಿದವರು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ನಿಮ್ಮ ಉತ್ತರಗಳನ್ನು ಓದಿದ ಮೇಲೆ ಆ ಮಂಗಳವಾರದ ಸ್ಕೋರ್ ಪುಸ್ತಕವನ್ನು ಮತ್ತೆ ತೆರೆದು ನೋಡಿದೆ. ಐದು ರನ್ ಕೊಟ್ಟ ಆ ಹುಡುಗನನ್ನು ಕೋಚ್ ಹೊರಗೆ ಕರೆಸಲಿಲ್ಲ. ಮೂರನೇ ಇನ್ನಿಂಗ್ಸ್‌ಗೂ ಅವನನ್ನೇ ಕಳಿಸಿದ್ದರು. ಆ ಸಾಲಿನಲ್ಲಿ ನಾನೇ ಬರೆದ ಗುರುತುಗಳ ಪ್ರಕಾರ ಅವನು ಎದುರಿಸಿದ್ದು ಮೂವರೇ ಬ್ಯಾಟರ್‌ಗಳನ್ನು, ಮೂವರೂ ಔಟ್. ಅಂದು ಬೇಸರದಲ್ಲಿದ್ದ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಬರುವ ಮಂಗಳವಾರ ಅವನೇ ಎಸೆಯುವನೆಂದು ಪ್ರಕಟಿಸಿದ್ದಾರೆ. ನಾನು ತಪ್ಪದೆ ಹೋಗುತ್ತೇನೆ.