ಬರೀ ಓದುತ್ತಿದ್ದರೂ ಡಾಮ್ ಮರ ಕೈಕೊಡುವುದು ಯಾಕೆ?

ಬನಶಂಕರಿ_ಬ್ಯಾಕೆಂಡ್: ಜಾವಾ 17. ಬೆಂಗಳೂರಿನ ಬಸ್ ನಿಲ್ದಾಣಗಳ 40 ಎಂಬಿ ಎಕ್ಸ್‌ಎಂಎಲ್ ಫೈಲು. ಸರ್ವರ್ ಏಳುವಾಗ ಒಮ್ಮೆ ಡಾಮ್‌ಗೆ (ಇಡೀ ಫೈಲನ್ನು ಮೆಮೊರಿಯಲ್ಲಿ ನೋಡ್‌ಗಳ ಮರವಾಗಿ ಇಡುವ ರೀತಿ) ಪಾರ್ಸ್ ಆಗುತ್ತೆ, ಆಮೇಲೆ 16 ಥ್ರೆಡ್ (ಒಟ್ಟೊಟ್ಟಿಗೆ ಓಡುವ ಕೆಲಸದ ಎಳೆಗಳು) ಅದೇ ಡಾಕ್ಯುಮೆಂಟನ್ನು ಓದುತ್ತವೆ. ಯಾವ ಥ್ರೆಡ್ಡೂ ಏನನ್ನೂ ಬದಲಿಸಲ್ಲ. ಆದರೂ ಲೋಡ್ ಏರಿದಾಗ ನೋಡ್‌ಲಿಸ್ಟ್‌ನ ಐಟಂ ಒಳಗಿಂದ ನಲ್‌ಪಾಯಿಂಟರ್ ಎಕ್ಸೆಪ್ಶನ್ (ಆಬ್ಜೆಕ್ಟ್ ಇರಬೇಕಾದಲ್ಲಿ ನಲ್ ಸಿಕ್ಕ ದೋಷ). ಸಿಂಕ್ರೊನೈಸ್ಡ್ (ಒಮ್ಮೆಗೆ ಒಂದೇ ಥ್ರೆಡ್ ಬಿಡುವ ಲಾಕ್) ಹಾಕಿದರೆ ಸಾಕಾ, ಇಲ್ಲಾ ಮರ ಕಟ್ಟದೆ ಫೈಲನ್ನು ತುಂಡುತುಂಡಾಗಿ ಓದುವ ಸ್ಟ್ಯಾಕ್ಸ್‌ಗೆ ಹೋಗಬೇಕಾ?

ಪಾರ್ಸರ್_ಪುಟ್ಟ: ನೀವು ಬದಲಿಸದಿದ್ದರೂ ಡಾಮ್ ತಾನೇ ಬದಲಿಸಿಕೊಳ್ಳುತ್ತೆ. ಜೆಡಿಕೆ (ಜಾವಾ ಕಿಟ್) ಒಳಗಿರುವುದು ಝರ್ಸೀಸ್ ಅನ್ನುವ ಪಾರ್ಸರ್. ಅದು ಮರವನ್ನು ಪೂರ್ತಿ ಕಟ್ಟಿಡಲ್ಲ, ನೀವು ಮುಟ್ಟಿದಾಗಷ್ಟೇ ನೋಡ್ ಹುಟ್ಟಿಸುತ್ತೆ. ಡಿಫರ್-ನೋಡ್-ಎಕ್ಸ್‌ಪ್ಯಾನ್ಶನ್ ಫೀಚರನ್ನು ಫಾಲ್ಸ್ ಮಾಡಿದರೆ ಹೀಗೆ ತಡವಾಗಿ ಹುಟ್ಟಿಸುವುದು ನಿಲ್ಲುತ್ತೆ, ನಿಮ್ಮ ಎಕ್ಸೆಪ್ಶನ್ ನಿಲ್ಲುತ್ತೆ ಅನ್ನುವ ಖಾತ್ರಿ ಇಲ್ಲ. ಯಾಕೆಂದರೆ ಗೆಟ್‌ಚೈಲ್ಡ್‌ನೋಡ್ಸ್ ಕೊಡುವ ನೋಡ್‌ಲಿಸ್ಟ್‌ನ ಲೆಂತ್, ಐಟಂ ಎರಡೂ ಕೊನೆಗೆ ನೋಡಿದ ಜಾಗವನ್ನು ಒಂದು ಕ್ಯಾಶ್‌ನಲ್ಲಿ ಬರೆದಿಡುತ್ತವೆ. ಬಳಕೆ ಮುಗಿಯಿತು ಅಂತ ಬಿಟ್ಟ ಕ್ಯಾಶನ್ನು ಡಾಕ್ಯುಮೆಂಟ್ ಒಂದು ನೋಡ್‌ನಿಂದ ಕಿತ್ತು ಇನ್ನೊಂದಕ್ಕೆ ಕೊಡುತ್ತೆ. ಆ ಹೊತ್ತಿಗೆ ಮೊದಲ ನೋಡಿನ ಮೇಲೆ ಬೇರೆ ಥ್ರೆಡ್ ಇದ್ದರೆ ಅದರ ಕೈಗೆ ಸಿಗುವುದು ನಲ್.

ಲಾಕ್ ಹಾಕಲೇಬೇಕು ಅಂದರೆ ಇಡೀ ಡಾಕ್ಯುಮೆಂಟ್ ಮೇಲೆ ಹಾಕಿ, ನೋಡ್‌ಲಿಸ್ಟ್ ಮೇಲಲ್ಲ. ಆಗ 16 ಥ್ರೆಡ್ ಇದ್ದೂ ಕ್ಯೂ ಒಂದೇ, ಸಿಲ್ಕ್ ಬೋರ್ಡ್ ಜಂಕ್ಷನ್ ಟ್ರಾಫಿಕ್ ಥರ.

ಮಲ್ಲೇಶ್ವರಂ_ಮ್ಯೂಟೆಕ್ಸ್: ಡಾಮ್ ಬಿಡಿ. ಸ್ಟ್ಯಾಕ್ಸ್‌ನಲ್ಲಿ ಒಮ್ಮೆ ಓದಿ ರೆಕಾರ್ಡ್‌ಗಳಿಗೆ (ಫೀಲ್ಡ್‌ಗಳು ಮೊದಲೇ ನಿಗದಿಯಾದ ಜಾವಾ ಆಬ್ಜೆಕ್ಟ್) ತುಂಬಿ, ಮ್ಯಾಪ್.ಕಾಪಿಆಫ್ ಮಾಡಿ (ಬದಲಿಸಲಾಗದ ಪ್ರತಿ), ವೊಲಟೈಲ್ ಫೀಲ್ಡ್‌ನಲ್ಲಿಡಿ (ಬದಲಿಸಿದ್ದು ಎಲ್ಲ ಥ್ರೆಡ್‌ಗೂ ಕಾಣುತ್ತೆ). ಹೊಸ ಫೈಲು ಬಂದಾಗ ಪಕ್ಕದಲ್ಲಿ ಹೊಸ ಮ್ಯಾಪ್ ಕಟ್ಟಿ ಆ ಫೀಲ್ಡ್ ಬದಲಿಸಿ, ಅಷ್ಟೆ. ಲಾಕ್ ಎಲ್ಲೂ ಬೇಡ.

ಸ್ಯಾಕ್ಸ್ (ಓದುತ್ತಾ ನಿಮ್ಮ ಕೋಡನ್ನು ತಾನೇ ಕರೆಯುವ ಪಾರ್ಸರ್) ಆದರೆ ಒಂದು ಹುಷಾರು: ಕ್ಯಾರೆಕ್ಟರ್ಸ್ ಕರೆ ಒಂದೇ ಪದಕ್ಕೆ ಎರಡು ಸಲ ಬರಬಹುದು. ಬಫರ್ ಮುಗಿಯುವಲ್ಲಿ "ಮಲ್ಲೇ" ಒಮ್ಮೆ, "ಶ್ವರಂ" ಇನ್ನೊಮ್ಮೆ. ಸ್ಟ್ರಿಂಗ್‌ಬಿಲ್ಡರ್‌ಗೆ ಸೇರಿಸುತ್ತಾ ಹೋಗಿ, ಎಂಡ್‌ಎಲಿಮೆಂಟ್‌ನಲ್ಲಿ ಮಾತ್ರ ಓದಿ. ಸ್ಟ್ಯಾಕ್ಸ್‌ನ ಗೆಟ್‌ಎಲಿಮೆಂಟ್‌ಟೆಕ್ಸ್ಟ್ ತಾನೇ ಜೋಡಿಸಿ ಕೊಡುತ್ತೆ.

ಬನಶಂಕರಿ_ಬ್ಯಾಕೆಂಡ್: ರೆಕಾರ್ಡ್ ಆಗಲ್ಲ. ಎಕ್ಸ್‌ಪಾತ್‌ಗಳು (ಮರದಲ್ಲಿ ಯಾವ ನೋಡ್ ಬೇಕು ಅಂತ ಹೇಳುವ ಸಾಲುಗಳು) ಕಾನ್ಫಿಗ್‌ನಿಂದ ಬರುತ್ತವೆ, ಯಾವ ಫೀಲ್ಡ್ ಬೇಕು ಅಂತ ಮೊದಲೇ ಗೊತ್ತಿರಲ್ಲ.

ಪಾರ್ಸರ್_ಪುಟ್ಟ: ಇದನ್ನು ಮೊದಲೇ ಹೇಳಬೇಕಿತ್ತು! ಹಾಗಾದರೆ ಸ್ಯಾಕ್ಸನ್-ಎಚ್‌ಇ, ಎಕ್ಸ್‌ಪಾತ್ ಓಡಿಸುವ ಬೇರೆ ಲೈಬ್ರರಿ. ಅದರ ಮರ ಟೈನಿಟ್ರೀ ಕಟ್ಟಿದ ಮೇಲೆ ಬದಲಾಗಲ್ಲ, ಎಷ್ಟು ಥ್ರೆಡ್ ಬೇಕಾದರೂ ಓದಬಹುದು. ಎಕ್ಸ್‌ಪಾತ್‌ಎಕ್ಸಿಕ್ಯೂಟಬಲ್ (ಕಂಪೈಲ್ ಆದ ಎಕ್ಸ್‌ಪಾತ್) ಒಂದೊಂದು ಎಕ್ಸ್‌ಪಾತ್‌ಗೆ ಒಂದೇ ಸಾಕು, ಪ್ರತಿ ರಿಕ್ವೆಸ್ಟ್‌ಗೂ ಲೋಡ್ ಕರೆದು ಹೊಸ ಸೆಲೆಕ್ಟರ್ ತಗೊಳ್ಳಿ. ಫೈಲನ್ನು ಸ್ಯಾಕ್ಸನ್‌ನ ಡಾಕ್ಯುಮೆಂಟ್‌ಬಿಲ್ಡರ್‌ಗೇ ಕೊಡಿ, ಹಳೆಯ ಡಾಮನ್ನು ಸುತ್ತಿ ಕೊಡಬೇಡಿ.

ಮಲ್ಲೇಶ್ವರಂ_ಮ್ಯೂಟೆಕ್ಸ್: ಜೆಡಿಕೆಯ ಎಕ್ಸ್‌ಪಾತ್‌ಎಕ್ಸ್‌ಪ್ರೆಶನ್ ಸ್ಟ್ಯಾಟಿಕ್ ಫೀಲ್ಡ್‌ನಲ್ಲಿ ಇದೆಯಾ ನೋಡಿ, ಅದೂ ಥ್ರೆಡ್‌ಸೇಫ್ ಅಲ್ಲ, ಅಂದರೆ ಹಲವು ಥ್ರೆಡ್ ಒಟ್ಟಿಗೆ ಬಳಸುವಂತಿಲ್ಲ. ಟೆಂಪ್ಲೇಟ್ಸ್, ಸ್ಕೀಮಾ, ಜೆಎಎಕ್ಸ್‌ಬಿಕಾಂಟೆಕ್ಸ್ಟ್ ಹಂಚಿಕೊಳ್ಳಬಹುದು. ಅವುಗಳಿಂದ ಹುಟ್ಟುವ ಟ್ರಾನ್ಸ್‌ಫಾರ್ಮರ್, ವ್ಯಾಲಿಡೇಟರ್, ಅನ್‌ಮಾರ್ಷಲರ್ ಥ್ರೆಡ್‌ಗೆ ಒಂದೊಂದು.